ಹೇಗ್‌ನ ಗ್ರಂಥಾಲಯ, ನಮ್ಮ ಕೌಲುಪತ್ರಗಳು: ಅಂತರರಾಷ್ಟ್ರೀಯ ಕಾನೂನಿನ ಸಂಶೋಧಕರಿಗೆ ಇರುವ ಅವಕಾಶಗಳು

ಅಂತರರಾಷ್ಟ್ರೀಯ ಕಾನೂನಿಗೂ ಕನ್ನಡ ಪೀಠದ ಸಂಶೋಧನ ಪತ್ರಿಕೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ನಡುಗನ್ನಡದ ಕಾವ್ಯ ಮತ್ತು ಶಾಸನಗಳ ಅಭ್ಯಾಸದಲ್ಲಿ ಕಾಲ ಕಳೆದ ನನ್ನಂಥವನು ಈ ವಿಷಯವನ್ನು ಕೈಗೆತ್ತಿಕೊಳ್ಳುವುದಕ್ಕೆ ಕಾರಣವಿದೆ. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕಾನೂನು, ರಾಜ್ಯಶಾಸ್ತ್ರ, ಇತಿಹಾಸ ವಿಭಾಗಗಳಲ್ಲಿ ಸಂಶೋಧನೆ ನಡೆಸುತ್ತಿರುವ ಕನ್ನಡದ ತರುಣ ತರುಣಿಯರು ವಿದೇಶದ ಗ್ರಂಥಾಲಯಗಳಿಗೆ ಹೋಗಲು ದೊರೆಯುವ ವೇತನಗಳ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಅವರ ಪ್ರಶ್ನೆ ಸಾಮಾನ್ಯವಾಗಿ ಎರಡು: ವೇತನ ಎಷ್ಟು, ಅರ್ಜಿಯ ಕೊನೆಯ ದಿನಾಂಕ ಯಾವುದು. ಅಲ್ಲಿ ಹೋಗಿ ಏನನ್ನು ಓದಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆಯ್ಕೆ ಸಮಿತಿಯವರು ಮೊದಲು ಕೇಳುವುದು ಅದನ್ನೇ. ಆ ಪ್ರಶ್ನೆಗೆ ಉತ್ತರ ಹೇಳುವ ಸಾಮಗ್ರಿ ಕನ್ನಡ ಬಲ್ಲವರ ಬಳಿ ಇತರರಿಗಿಂತ ಹೆಚ್ಚಾಗಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಗ್ರಂಥಾಲಯದ ವಿಚಾರ. ನೆದರ್‌ಲ್ಯಾಂಡ್ಸ್ ದೇಶದ ಹೇಗ್ ನಗರದಲ್ಲಿರುವ ಶಾಂತಿಸೌಧವನ್ನು, ಅಂದರೆ ಪೀಸ್ ಪ್ಯಾಲೇಸನ್ನು, ನಾವು ಅಂತರರಾಷ್ಟ್ರೀಯ ನ್ಯಾಯಾಲಯದ ಕಟ್ಟಡವೆಂದೇ ಬಲ್ಲೆವು. ಆದರೆ 1903ರಲ್ಲಿ ಅಮೆರಿಕದ ಉದ್ಯಮಿ ಆಂಡ್ರೂ ಕಾರ್ನೆಗಿ ಹದಿನೈದು ಲಕ್ಷ ಡಾಲರುಗಳನ್ನು ದಾನವಾಗಿ ಕೊಟ್ಟದ್ದು ಒಂದು ನ್ಯಾಯಸ್ಥಾನ ಮತ್ತು ಒಂದು ಗ್ರಂಥಾಲಯ, ಈ ಎರಡಕ್ಕೂ. ಆಗ ಅಲ್ಲಿ ಇದ್ದದ್ದು 1899ರ ಒಡಂಬಡಿಕೆಯಿಂದ ಹುಟ್ಟಿದ ಶಾಶ್ವತ ಪಂಚಾಯಿತಿ ನ್ಯಾಯಾಲಯ ಮಾತ್ರ. ಸೌಧ 1913ರ ಆಗಸ್ಟ್ 28ರಂದು ತೆರೆಯಿತು. ರಾಷ್ಟ್ರಸಂಘದ ಕಾಲದ ನ್ಯಾಯಾಲಯ 1922ರಲ್ಲಿ, ಇಂದಿನ ಅಂತರರಾಷ್ಟ್ರೀಯ ನ್ಯಾಯಾಲಯ 1946ರಲ್ಲಿ ಅಲ್ಲಿ ಕೆಲಸ ಆರಂಭಿಸಿದವು. ಹೀಗೆ ನೋಡಿದರೆ ಆ ಮನೆಯಲ್ಲಿ ಗ್ರಂಥಾಲಯವೇ ನ್ಯಾಯಾಲಯಕ್ಕಿಂತ ಹಿರಿಯ. ಹ್ಯೂಗೋ ಗ್ರೋಶಿಯಸ್‌ನ ಯುದ್ಧ ಮತ್ತು ಶಾಂತಿಗಳ ಕಾನೂನನ್ನು ಕುರಿತ ಗ್ರಂಥದ ನಾನಾ ಮುದ್ರಣಗಳ ಸಂಗ್ರಹ ಅಲ್ಲಿಯ ವೈಶಿಷ್ಟ್ಯ. ಈಗಿನ ವಾಚನಾಲಯ 2007ರಲ್ಲಿ ತೆರೆದ ಹೊಸ ಕಟ್ಟಡದಲ್ಲಿದೆ.

ಈ ಗ್ರಂಥಾಲಯದ ಸೂಚಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಧಾರಣ ಗ್ರಂಥಾಲಯಗಳ ಸೂಚಿಯಲ್ಲಿ ಪುಸ್ತಕದ ಹೆಸರು ಮಾತ್ರ ಸಿಗುತ್ತದೆ. ಇಲ್ಲಿ ನಿಯತಕಾಲಿಕಗಳ ಬಿಡಿ ಲೇಖನಗಳನ್ನೂ ಸಂಕಲನ ಗ್ರಂಥಗಳ ಬಿಡಿ ಅಧ್ಯಾಯಗಳನ್ನೂ ವಿಷಯಾನುಸಾರವಾಗಿ ನಮೂದಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಈ ಸೂಚಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತ. ಆದ್ದರಿಂದ ಹೇಗ್‌ಗೆ ಹೋಗುವ ಮೊದಲ ಹೆಜ್ಜೆಯನ್ನು ಪುಣೆಯಲ್ಲಿ ಕುಳಿತೇ ಇಡಬಹುದು, ಇಡಬೇಕು. ತನ್ನ ವಿಷಯದ ಮೇಲೆ ಅಲ್ಲಿ ಏನಿದೆ, ಅದರಲ್ಲಿ ಯಾವುದು ಭಾರತದಲ್ಲಿ ಎಲ್ಲಿಯೂ ಸಿಗದು ಎಂಬ ಪಟ್ಟಿಯನ್ನು ಸಿದ್ಧಪಡಿಸದೆ ಅರ್ಜಿ ಬರೆಯಲು ಕೂರುವುದು ವ್ಯರ್ಥ.

ಇನ್ನು ವೇತನಗಳು. ಅದೇ ಸೌಧದ ಆವರಣದಲ್ಲಿರುವ ಹೇಗ್ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿ 1923ರಲ್ಲಿ ಸ್ಥಾಪಿತವಾಯಿತು. ಪ್ರತಿ ಬೇಸಿಗೆಯಲ್ಲಿ ಅದು ಸಾರ್ವಜನಿಕ ಮತ್ತು ಖಾಸಗಿ ಅಂತರರಾಷ್ಟ್ರೀಯ ಕಾನೂನುಗಳ ಬಗ್ಗೆ ಮೂರು ಮೂರು ವಾರಗಳ ಉಪನ್ಯಾಸಗಳನ್ನು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿ ಏರ್ಪಡಿಸುತ್ತದೆ. ಆ ಉಪನ್ಯಾಸಗಳ ಸಂಪುಟಮಾಲೆಯನ್ನು ಕಾನೂನಿನ ವಿದ್ಯಾರ್ಥಿಗಳೆಲ್ಲ ಬಲ್ಲರು. ಉಪನ್ಯಾಸ ಕೇಳಲು ಬರುವವರಿಗೆ ಶುಲ್ಕವಷ್ಟೇ ಮಾಫಿಯಾಗುವ ವೇತನ, ವಾಸದ ಖರ್ಚೂ ಸೇರಿದ ವೇತನ ಎಂದು ಎರಡು ಬಗೆ ಇದೆ. ನಮ್ಮ ಸಂಶೋಧಕರು ವಿಶೇಷವಾಗಿ ಗಮನಿಸಬೇಕಾದುದು ಮೂರನೆಯದು: ಅಭಿವೃದ್ಧಿಶೀಲ ದೇಶಗಳಲ್ಲಿ ವಾಸವಾಗಿದ್ದು, ಪಿಎಚ್.ಡಿ. ಪ್ರಬಂಧದ ಕೊನೆಯ ಹಂತದಲ್ಲಿದ್ದು, ಆಕರಗಳ ಅಭಾವದಿಂದ ತೊಡಕಿಗೆ ಸಿಕ್ಕಿರುವವರಿಗೆ ಗ್ರಂಥಾಲಯದಲ್ಲಿ ಕುಳಿತು ಓದಲೆಂದೇ ಕೊಡುವ ವಾಸವೇತನ. ಇವುಗಳ ಸಂಖ್ಯೆ ಬೆರಳೆಣಿಕೆಯಷ್ಟು. ಅವಧಿ ಸುಮಾರು ಎರಡು ತಿಂಗಳು. ಬೇಸಿಗೆಯ ಅವಕಾಶಕ್ಕೆ ಅರ್ಜಿ ಹಿಂದಿನ ಚಳಿಗಾಲದಲ್ಲಿಯೇ ಮುಗಿದುಹೋಗುವುದರಿಂದ ದಸರೆಯ ಹೊತ್ತಿಗೆ ಸಿದ್ಧತೆ ಆರಂಭವಾಗಿರಬೇಕು. ಮೊತ್ತ, ವಯೋಮಿತಿ, ಪ್ರಯಾಣವೆಚ್ಚದ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನಂಬತಕ್ಕದ್ದು. ಹಿರಿಯ ವಿದ್ಯಾರ್ಥಿಗಳ ನೆನಪನ್ನಲ್ಲ.

ವಿಶ್ವಸಂಸ್ಥೆಯೂ 1965ರ ಡಿಸೆಂಬರಿನ ಮಹಾಸಭೆಯ ನಿರ್ಣಯದಿಂದ ಹುಟ್ಟಿದ ಒಂದು ನೆರವಿನ ಯೋಜನೆಯನ್ನು ನಡೆಸುತ್ತದೆ. ಅದರ ಅಂಗವಾದ ಅಂತರರಾಷ್ಟ್ರೀಯ ಕಾನೂನು ಫೆಲೋಶಿಪ್ ಹೇಗ್‌ನಲ್ಲಿಯೇ, ಅಕಾಡೆಮಿಯ ಬೇಸಿಗೆ ಉಪನ್ಯಾಸಗಳೊಡನೆ ಹೊಂದಿಕೊಂಡು ನಡೆಯುತ್ತದೆ. ಸಮುದ್ರದ ಕಾನೂನನ್ನು ಅಭ್ಯಾಸ ಮಾಡುವವರಿಗೆ ಶ್ರೀಲಂಕೆಯ ರಾಜತಂತ್ರಜ್ಞ ಹ್ಯಾಮಿಲ್ಟನ್ ಶರ್ಲಿ ಅಮರಸಿಂಘೆಯವರ ಹೆಸರಿನ ಫೆಲೋಶಿಪ್ ಇದೆ. ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಲಿಯಲ್ಲಿ 2007ರಿಂದ ನಿಪ್ಪಾನ್ ಪ್ರತಿಷ್ಠಾನದ ನೆರವಿನಿಂದ ನಡೆದುಬಂದ ತರಬೇತಿ ವೇತನವಿದೆ. ಆದರೆ ಇವೆಲ್ಲ ಸರ್ಕಾರಿ ಅಧಿಕಾರಿಗಳಿಗೂ ಅಧ್ಯಾಪಕರಿಗೂ ತರಬೇತಿ ಕೊಡುವ ಉದ್ದೇಶದವು. ಗ್ರಂಥಾಲಯದ ಮೂಲೆಯಲ್ಲಿ ಕುಳಿತು ಹಳೆಯ ಕಾಗದ ಓದಬೇಕೆನ್ನುವವರಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇನ್ನೊಂದು ಮುಖ್ಯ ಸ್ಥಳ. 1924ರಲ್ಲಿ ಬರ್ಲಿನ್‌ನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸಂಸ್ಥೆ ಯುದ್ಧಾನಂತರ 1949ರಿಂದ ಹೈಡೆಲ್‌ಬರ್ಗ್‌ನಲ್ಲಿದೆ. ಆರು ಲಕ್ಷಕ್ಕೂ ಮೀರಿದ ಸಂಪುಟಗಳ ಗ್ರಂಥಾಲಯ ಅದರದು. ಅತಿಥಿ ಸಂಶೋಧಕರು ತಮ್ಮ ಯೋಜನೆಯ ಸಾರಾಂಶದೊಡನೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಖರ್ಚಿಗೆ ಡಿಎಎಡಿ ಎಂಬ ಜರ್ಮನ್ ವಿನಿಮಯ ಸಂಸ್ಥೆಯ ಅಲ್ಪಾವಧಿ ಸಂಶೋಧನ ವೇತನವನ್ನು ಹಲವರು ಆಶ್ರಯಿಸುತ್ತಾರೆ. ಜಿನೀವಾದ ವಿಷಯದಲ್ಲಿ ಮಾತ್ರ ಪ್ರಯಾಣದ ಅಗತ್ಯ ಈಗ ಬಹುಮಟ್ಟಿಗೆ ಕಡಮೆಯಾಗಿದೆ. ಅಲ್ಲಿರುವ ರಾಷ್ಟ್ರಸಂಘದ ದಫ್ತರ, ಸುಮಾರು ಒಂದೂವರೆ ಕೋಟಿ ಪುಟಗಳಷ್ಟು, 2017ರಿಂದ 2022ರವರೆಗೆ ನಡೆದ ಯೋಜನೆಯಲ್ಲಿ ಅಂಕೀಕರಣಗೊಂಡು ಮನೆಯಲ್ಲಿಯೇ ಓದಲು ಲಭ್ಯವಾಗಿದೆ. ಪರಾಧೀನವಾಗಿದ್ದಾಗಲೇ ಭಾರತ ರಾಷ್ಟ್ರಸಂಘದ ಮೂಲ ಸದಸ್ಯನಾಗಿತ್ತೆಂಬ ವಿಚಿತ್ರ ಸಂಗತಿಯ ಮೇಲೆ ಕೆಲಸ ಮಾಡುವವರಿಗೆ ಇದು ದೊಡ್ಡ ನಿಧಿ.

ಇಲ್ಲಿಗೆ ಸ್ಥಳ ಮತ್ತು ವೇತನಗಳ ಮಾತು ಸಾಕು. ಏನನ್ನು ಓದಬೇಕು ಎಂಬ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರವಾಗಿ ಒಂದು ಮೊಕದ್ದಮೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

ದಮನ್ ಬಂದರಿನ ಒಳನಾಡಿನಲ್ಲಿ ದಾದ್ರಾ ಮತ್ತು ನಗರಹವೇಲಿ ಎಂಬ ಎರಡು ಪ್ರದೇಶಗಳು ಪೋರ್ಚುಗಲ್ಲಿನ ವಶದಲ್ಲಿದ್ದವು. ಸುತ್ತಲೂ ಭಾರತದ ನೆಲ. 1954ರ ಜುಲೈ-ಆಗಸ್ಟಿನಲ್ಲಿ ಅಲ್ಲಿ ಪೋರ್ಚುಗೀಸರ ಅಧಿಕಾರ ಕೊನೆಗೊಂಡಿತು. ದಮನ್‌ನಿಂದ ಆ ಪ್ರದೇಶಗಳಿಗೆ ಹೋಗಿಬರುವ ಹಕ್ಕು ತನಗಿದೆ, ಭಾರತ ಅದನ್ನು ತಡೆಯಿತು ಎಂದು ಪೋರ್ಚುಗಲ್ 1955ರ ಡಿಸೆಂಬರ್ 22ರಂದು ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕಾನೂನಿನ ಪುಸ್ತಕಗಳಲ್ಲಿ ಇದು ‘ಹಾದುಹೋಗುವ ಹಕ್ಕಿನ ಮೊಕದ್ದಮೆ’ ಎಂದು ಪ್ರಸಿದ್ಧ. ಮುಖ್ಯ ತೀರ್ಪು ಹೊರಬಿದ್ದದ್ದು 1960ರ ಏಪ್ರಿಲ್ 12ರಂದು. ಈ ಮೊಕದ್ದಮೆಗಾಗಿ ಭಾರತದ ಪರವಾಗಿ ನೇಮಕಗೊಂಡ ತಾತ್ಕಾಲಿಕ ನ್ಯಾಯಾಧೀಶರು ಎಂ. ಸಿ. ಛಾಗ್ಲಾ ಅವರು. ಮುಂಬಯಿಯ ಓದುಗರಿಗೆ ಅವರ ಪರಿಚಯ ಬೇಕಿಲ್ಲ. ಮಂಗಳೂರು ಮೂಲದ ಬೆನಗಲ್ ನರಸಿಂಗರಾಯರು ಅದೇ ನ್ಯಾಯಾಲಯದ ನ್ಯಾಯಾಧೀಶರಾಗಿದ್ದು 1953ರಲ್ಲಿ ತೀರಿಕೊಂಡರು; ಅವರು ಬದುಕಿದ್ದಿದ್ದರೆ ಈ ಪ್ರಕರಣದಲ್ಲಿ ಏನು ಹೇಳುತ್ತಿದ್ದರೋ ಎಂಬ ಕುತೂಹಲ ನನಗೆ ಉಂಟು.

ಪೋರ್ಚುಗಲ್ ಮುಂದಿಟ್ಟ ಆಧಾರಗಳಲ್ಲಿ ಮೊದಲನೆಯದು 1779ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಪೇಶ್ವೆಯೊಡನೆ ಆದ ಒಪ್ಪಂದ. ಅದರ 17ನೆಯ ಕಲಮು ಮತ್ತು ಅನಂತರದ 1783, 1785ರ ಸನದುಗಳ ಪ್ರಕಾರ ಹನ್ನೆರಡು ಸಾವಿರ ರೂಪಾಯಿ ಉತ್ಪನ್ನದ ಹಳ್ಳಿಗಳು ಪೋರ್ಚುಗೀಸರಿಗೆ ದೊರೆತವು. ಪ್ರಶ್ನೆಯೆಂದರೆ, ದೊರೆತದ್ದು ಏನು? ಆ ಹಳ್ಳಿಗಳ ಸಾರ್ವಭೌಮತ್ವವೇ, ಅಥವಾ ಅವುಗಳ ಕಂದಾಯ ಮಾತ್ರವೇ? ಒಪ್ಪಂದದ ಹಲವು ಪಾಠಗಳೂ ಅನುವಾದಗಳೂ ನ್ಯಾಯಾಲಯದ ಮುಂದೆ ಬಂದವು. ಮರಾಠಿ ದಾಖಲೆಗಳಲ್ಲಿ ಬಳಕೆಯಾಗಿದ್ದದ್ದು ‘ಜಹಗೀರು’, ‘ಸರಂಜಾಮು’ ಎಂಬ ಪದಗಳು. ಇವು ಕಂದಾಯವನ್ನು ಬಿಟ್ಟುಕೊಡುವ ಮಾತುಗಳೇ ಹೊರತು ರಾಜ್ಯವನ್ನು ಬಿಟ್ಟುಕೊಡುವ ಮಾತುಗಳಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ರಾಜ್ಯಾಧಿಕಾರವನ್ನೇ ಕೊಡುವ ಉದ್ದೇಶವಿದ್ದ ಇತರ ಒಪ್ಪಂದಗಳಲ್ಲಿ ಶಾಶ್ವತವಾಗಿ, ಶಾಶ್ವತ ಸಾರ್ವಭೌಮತ್ವದೊಡನೆ ಎಂಬ ಅರ್ಥದ ಸ್ಪಷ್ಟ ಮಾತುಗಳಿರುವುದನ್ನು ಅದು ಹೋಲಿಕೆಗೆ ತೆಗೆದುಕೊಂಡಿತು. ಅಷ್ಟೇ ಗಮನಾರ್ಹವಾದ ಇನ್ನೊಂದು ಮಾತನ್ನೂ ಹೇಳಿತು: ಹದಿನೆಂಟನೆಯ ಶತಮಾನದ ಒಪ್ಪಂದವೊಂದರ ಸಿಂಧುತ್ವವನ್ನು ಆಮೇಲೆ ಬೆಳೆದ ಪದ್ಧತಿಗಳಿಂದ ಅಳೆಯಲಾಗದು, ಮರಾಠರು ಅದನ್ನು ತಮಗೆ ಬದ್ಧವೆಂದು ಭಾವಿಸಿದ್ದರೆ ಅದು ಬದ್ಧವೇ.

ಹೀಗೆ ಒಪ್ಪಂದದ ಆಧಾರದ ಮೇಲೆ ಪೋರ್ಚುಗಲ್ಲಿನ ವಾದ ನಿಲ್ಲಲಿಲ್ಲ. ಆದರೆ ಬ್ರಿಟಿಷರ ಕಾಲದಿಂದ ಒಂದೂಕಾಲು ಶತಮಾನ ನಡೆದುಬಂದ ರೂಢಿಯ ಆಧಾರದ ಮೇಲೆ ಖಾಸಗಿ ಜನ, ನಾಗರಿಕ ಅಧಿಕಾರಿಗಳು ಮತ್ತು ಸಾಮಾನ್ಯ ಸರಕುಗಳಿಗೆ ಹಾದುಹೋಗುವ ಹಕ್ಕು ಇದ್ದಿತೆಂದು 11ಕ್ಕೆ 4 ಮತಗಳಿಂದಲೂ, ಸೈನ್ಯ, ಶಸ್ತ್ರಸಜ್ಜಿತ ಪೊಲೀಸು, ಮದ್ದುಗುಂಡುಗಳಿಗೆ ಅಂಥ ಹಕ್ಕು ಇರಲಿಲ್ಲವೆಂದು 8ಕ್ಕೆ 7 ಮತಗಳಿಂದಲೂ, ಭಾರತ ತನ್ನ ಬಾಧ್ಯತೆಗೆ ವಿರುದ್ಧವಾಗಿ ನಡೆದುಕೊಳ್ಳಲಿಲ್ಲವೆಂದು 9ಕ್ಕೆ 6 ಮತಗಳಿಂದಲೂ ತೀರ್ಪಾಯಿತು. ಎರಡೇ ರಾಷ್ಟ್ರಗಳ ನಡುವೆಯೂ ರೂಢಿಯ ಕಾನೂನು ಹುಟ್ಟಬಲ್ಲದೆಂಬ ತತ್ತ್ವಕ್ಕೆ ಇಂದಿಗೂ ಈ ತೀರ್ಪನ್ನೇ ಉದಾಹರಿಸುತ್ತಾರೆ. ಛಾಗ್ಲಾ ಅವರು ಭಿನ್ನಮತವನ್ನು ಬರೆದರು.

ಕಾನೂನಿನ ತರಗತಿಗಳಲ್ಲಿ ಈ ರೂಢಿಯ ಭಾಗಕ್ಕೇ ಒತ್ತು ಬೀಳುತ್ತದೆ. ಶಾಸನಗಳನ್ನು ಓದುವವನಿಗೆ ಕಾಣುವುದು ಬೇರೆಯೇ ಒಂದು ಸಂಗತಿ. ಒಂದು ದೇಶದ ಹಕ್ಕು ಇಲ್ಲಿ ಒಂದು ದೇಶೀ ಪದದ ಅರ್ಥಕ್ಕೆ ಜೋತುಬಿದ್ದಿತ್ತು. ಆ ಪದದ ಅರ್ಥವನ್ನು ನಿರ್ಣಯಿಸಬೇಕಾದವರು ಆ ಭಾಷೆಯನ್ನು ಅನುವಾದದ ಮೂಲಕ ಮಾತ್ರ ಬಲ್ಲವರು. ಅಲ್ಲದೆ ಶಾಶ್ವತತೆಯ ಮಾತನ್ನು ಸಾರ್ವಭೌಮತ್ವದ ಕುರುಹೆಂದು ಎಷ್ಟರಮಟ್ಟಿಗೆ ಗಣಿಸಬಹುದು ಎಂಬ ಪ್ರಶ್ನೆಯೂ ಏಳುತ್ತದೆ. ನಮ್ಮ ದಾನಶಾಸನಗಳಲ್ಲಿ ಆಚಂದ್ರಾರ್ಕವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ, ಧಾರಾಪೂರ್ವಕ ಕೊಟ್ಟ ಅಗ್ರಹಾರಗಳು ನೂರಾರು. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನೂ ತೇಜಸ್ವಾಮ್ಯವನ್ನೂ ಸೇರಿಸಿ ಕೊಟ್ಟಿರುತ್ತಾರೆ. ಆದರೂ ಅಗ್ರಹಾರದ ಮಹಾಜನಗಳು ಅರಸರಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ವಿಜಯನಗರ ಕಾಲದ ಅಮರನಾಯಕತನದಲ್ಲಿ ಶಾಶ್ವತತೆಯ ಮಾತೇ ಇಲ್ಲದಿದ್ದರೂ ನಾಯಕನು ತನ್ನ ಸೀಮೆಯಲ್ಲಿ ಅರಸನಂತೆಯೇ ನಡೆದುಕೊಳ್ಳುತ್ತಿದ್ದನು. ಉಂಬಳಿ, ಮಾನ್ಯ, ಗುತ್ತಗೆ, ನಾಯಕತನ ಇವುಗಳ ನಡುವಣ ಅಂತರವನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ತಿರುವಿದ ಎಂ.ಎ. ವಿದ್ಯಾರ್ಥಿಯೂ ವಿವರಿಸಬಲ್ಲ. ಈ ತಿಳಿವಳಿಕೆ ಹೇಗ್‌ನ ವಾಚನಾಲಯದಲ್ಲಿ ಅಪರೂಪದ ಸರಕು. ನ್ಯಾಯಾಲಯದ ತೀರ್ಪು ತಪ್ಪೆಂದು ಇದರಿಂದ ಆಗುವುದಿಲ್ಲ. ಅದು ಹಿಡಿದ ಅಳತೆಗೋಲನ್ನು ದಖ್ಖನಿನ ಇತರ ದಾಖಲೆಗಳ ಮೇಲೆ ಪರೀಕ್ಷಿಸಿ ನೋಡುವ ಕೆಲಸ ಬಾಕಿ ಇದೆ ಎಂದಷ್ಟೇ ನನ್ನ ಅಭಿಪ್ರಾಯ.

ಈ ದಾರಿಯಲ್ಲಿ ನಡೆದ ಹಿರಿಯರು ಇಲ್ಲದಿಲ್ಲ. ಪೋಲೆಂಡ್ ಮೂಲದ ಚಾರ್ಲ್ಸ್ ಅಲೆಕ್ಸಾಂಡ್ರೊವಿಚ್ ಅವರು 1951ರಿಂದ ಹತ್ತು ವರ್ಷ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದರು. ಯುರೋಪಿನ ಕಂಪನಿಗಳು ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಪೂರ್ವದೇಶಗಳ ಅರಸರೊಡನೆ ಮಾಡಿಕೊಂಡ ಒಪ್ಪಂದಗಳನ್ನು ಪರಿಶೀಲಿಸಿ, ಆ ಕಾಲದಲ್ಲಿ ಈ ಅರಸರನ್ನು ರಾಷ್ಟ್ರಗಳ ಕಾನೂನಿನೊಳಗಿನ ಸಾರ್ವಭೌಮರೆಂದೇ ಪರಿಗಣಿಸಲಾಗುತ್ತಿತ್ತು, ಅವರನ್ನು ಹೊರಗಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ಯುರೋಪಿನ ಹೊಸ ಚಿಂತನೆ ಎಂದು ಅವರು ವಾದಿಸಿದರು. ಅವರ ಗ್ರಂಥ 1967ರಲ್ಲಿ ಹೊರಬಂತು. ಅವರ ಬಿಡಿ ಲೇಖನಗಳ ಸಂಕಲನ 2017ರಲ್ಲಿ ಪ್ರಕಟವಾಗಿ ಆ ಚರ್ಚೆ ಮತ್ತೆ ಜೀವ ತಳೆದಿದೆ. ಎಲ್ಲರೂ ಅವರನ್ನು ಒಪ್ಪುವುದಿಲ್ಲ. ಆದರೆ ಒಪ್ಪುವವರೂ ಒಪ್ಪದವರೂ ಬಹುಪಾಲು ಪೋರ್ಚುಗೀಸ್, ಡಚ್, ಇಂಗ್ಲಿಷ್ ಪಾಠಗಳನ್ನೇ ಮುಂದಿಟ್ಟುಕೊಂಡು ಮಾತನಾಡುತ್ತಾರೆ. ಇನ್ನೊಂದು ಪಕ್ಷದ ಭಾಷೆ ಅಲ್ಲಿ ಕೇಳಿಸುವುದಿಲ್ಲ.

ಕನ್ನಡ ನಾಡಿಗೆ ಸಂಬಂಧಿಸಿದ ಇಂಥ ಒಪ್ಪಂದಗಳು ಕಡಮೆಯಿಲ್ಲ. 1547ರಲ್ಲಿ ಸದಾಶಿವರಾಯನ ವಿಜಯನಗರಕ್ಕೂ ಗೋವೆಯ ಪೋರ್ಚುಗೀಸರಿಗೂ ಆದ ಒಪ್ಪಂದ ಕುದುರೆಗಳ ಮಾರಾಟವನ್ನು ವಿಜಯನಗರಕ್ಕೆ ಮೀಸಲಿಟ್ಟು ಬಿಜಾಪುರವನ್ನು ಹೊರಗಿಟ್ಟದ್ದು ಎಲ್ಲರಿಗೂ ತಿಳಿದದ್ದೇ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರೊಡನೆ ಪೋರ್ಚುಗೀಸರದೂ ಡಚ್ಚರದೂ ಮಾತುಕತೆಗಳು ನಡೆದವು. 1623ರಲ್ಲಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಪೋರ್ಚುಗೀಸ್ ರಾಯಭಾರದ ಜೊತೆಯಲ್ಲಿಯೇ ಪಿಯೆತ್ರೊ ದೆಲ್ಲಾ ವಲ್ಲೆ ಬಂದದ್ದು. ಅಕ್ಕಿ, ಮೆಣಸು, ಕೋಠಿ, ಹಡಗಿನ ರಹದಾರಿ ಇವು ಆ ವ್ಯವಹಾರಗಳ ವಸ್ತು. ಪೋರ್ಚುಗೀಸ್ ಒಪ್ಪಂದಗಳನ್ನು ಜೂಲಿಯೊ ಬಿಕೆರ್ ಎಂಬಾತ 1881ರಿಂದ 1887ರವರೆಗೆ ಲಿಸ್ಬನ್‌ನಲ್ಲಿ 14 ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಡಚ್ ಕಂಪನಿಯ ಒಪ್ಪಂದಗಳನ್ನು ಹೀರೆಸ್ ಮತ್ತು ಸ್ಟಾಪೆಲ್ ಅವರು 1907ರಿಂದ 1955ರವರೆಗೆ ಆರು ಸಂಪುಟಗಳಲ್ಲಿ ಹೊರತಂದರು. ಗೋವಾ-ಕೆನರಾ ಸಂಬಂಧಗಳ ಬಗ್ಗೆ ಬಿ. ಎಸ್. ಶಾಸ್ತ್ರಿಯವರ ಕೆಲಸ ಇದೆ. ಅದು ಇತಿಹಾಸಕಾರರ ಕೆಲಸ. ಈ ಪತ್ರಗಳನ್ನು ಕಾನೂನಿನ ದೃಷ್ಟಿಯಿಂದ, ಅತ್ತ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನೂ ಕೆಳದಿ ಅರಸರ ಶಾಸನಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದುವವರು ಬೇಕಾಗಿದ್ದಾರೆ. ಗೋವೆಯ ಕಾರಕೂನ ಯಾವುದನ್ನು ಅಧೀನತೆಯ ಕಾಣಿಕೆಯೆಂದು ಬರೆದುಕೊಂಡನೋ ಅದನ್ನು ಇಕ್ಕೇರಿಯ ಆಸ್ಥಾನ ಉಡುಗೊರೆಯೆಂದೋ ಉಂಬಳಿಯೆಂದೋ ಭಾವಿಸಿರಬಹುದಾದ ಸಾಧ್ಯತೆಯನ್ನು ಪರೀಕ್ಷಿಸಬಲ್ಲವರು ಅವರೇ. ಮೈಸೂರಿನ ಬಗ್ಗೆಯಾದರೆ 1784ರ ಮಂಗಳೂರು ಒಪ್ಪಂದ, 1792ರ ಶ್ರೀರಂಗಪಟ್ಟಣದ ಒಪ್ಪಂದ, 1799ರ ಸಹಾಯಕ ಒಪ್ಪಂದ, 1881ರ ಹಸ್ತಾಂತರ ಪತ್ರ, 1913ರ ಒಪ್ಪಂದ, ಹೀಗೆ ಸ್ವತಂತ್ರ ರಾಜ್ಯವೊಂದು ಹಂತಹಂತವಾಗಿ ಸಂಸ್ಥಾನವಾಗಿ ಅಂತರರಾಷ್ಟ್ರೀಯ ಕಾನೂನಿನ ಕಣ್ಣಿಂದ ಮರೆಯಾದ ಕಥೆ ಏಚಿಸನ್ನನ ಸಂಗ್ರಹದಲ್ಲಿಯೇ ಸಿಗುತ್ತದೆ. ಅದಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ.

ಸಮುದ್ರ ದಾಟಬೇಕಾಗಿಲ್ಲದವುಗಳ ಪಟ್ಟಿ ವಾಸ್ತವವಾಗಿ ದೊಡ್ಡದೇ. ಹೊರನಾಡಿನಲ್ಲಿರುವುದು ಇಲ್ಲಿ ಅನನುಕೂಲವಲ್ಲ, ಅನುಕೂಲ. ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಫ್ತರಖಾನೆಯಲ್ಲಿ ಡಚ್ ಕಂಪನಿಯ ಕಾಗದಗಳಿವೆ. ಅವು ಯುನೆಸ್ಕೊ 2003ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿದ ಡಚ್ ಕಂಪನಿ ದಾಖಲೆಗಳ ಅಂಗ. ಪುಣೆಯಲ್ಲಿ ಪೇಶ್ವೆ ದಫ್ತರವೂ 1910ರಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳವೂ ಇವೆ. ಮೋಡಿ ಲಿಪಿ ಕಲಿತರೆ ಬಾಗಿಲು ತೆರೆದಂತೆಯೇ. ಮುಂಬಯಿಯಲ್ಲಿ ಮಹಾರಾಷ್ಟ್ರ ರಾಜ್ಯದ ದಫ್ತರಖಾನೆ ಮತ್ತು ಏಷ್ಯಾಟಿಕ್ ಸೊಸೈಟಿ. ಪಣಜಿಯ ದಫ್ತರಖಾನೆಯಲ್ಲಿ ‘ನೆರೆಯ ಅರಸರು’ ಎಂಬ ಅರ್ಥದ ಪೋರ್ಚುಗೀಸ್ ಹೆಸರಿನ ಪತ್ರಮಾಲೆಯೇ ಇದೆ. ಹೈದರಾಬಾದಿನ ತಾರ್ನಾಕದ ದಫ್ತರಖಾನೆ ಪಾರಸಿ ಬಲ್ಲವರಿಗೆ. 1948ರ ಆಗಸ್ಟಿನಲ್ಲಿ ಹೈದರಾಬಾದ್ ಸಂಸ್ಥಾನ ಭದ್ರತಾ ಮಂಡಳಿಗೆ ದೂರು ಕೊಟ್ಟ ಪ್ರಸಂಗ ಬೀದರ, ಕಲಬುರ್ಗಿ, ರಾಯಚೂರುಗಳ ಇತಿಹಾಸಕ್ಕೂ ಸೇರಿದ್ದೆಂಬುದನ್ನು ಅಲ್ಲಿಯ ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ದಫ್ತರಖಾನೆಯೊಂದಿಗೆ, ಕಾನೂನಿನ ಪುಸ್ತಕಗಳಿಗೆ 1959ರಲ್ಲಿ ಸ್ಥಾಪಿತವಾದ ಭಾರತೀಯ ಅಂತರರಾಷ್ಟ್ರೀಯ ಕಾನೂನು ಸೊಸೈಟಿಯ ಗ್ರಂಥಾಲಯವಿದೆ. ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳೂ ಉಭಯ ಪಕ್ಷಗಳ ಲಿಖಿತ ವಾದಗಳೂ ನ್ಯಾಯಾಲಯದ ಜಾಲತಾಣದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಮೇಲೆ ಹೇಳಿದ ಮೊಕದ್ದಮೆಯಲ್ಲಿ ಸನದುಗಳ ಬಗ್ಗೆ ನಡೆದ ವಾಗ್ವಾದವನ್ನು ಅಲ್ಲಿ ಸಮಗ್ರವಾಗಿ ಓದಬಹುದು.

ಇಷ್ಟೆಲ್ಲ ಇಲ್ಲಿಯೇ ಇದ್ದರೆ ಹೇಗ್ ಏಕೆ? ಒಂದೇ ಊರಿನಲ್ಲಿ ಎರಡು ಬಗೆಯ ಸಂಗ್ರಹಗಳು ಕೂಡಿರುವುದು ಅದರ ಮುಖ್ಯ ಅನುಕೂಲ. ಶಾಂತಿಸೌಧದಲ್ಲಿ ಕಾನೂನಿನ ಸಾಹಿತ್ಯ. ಊರಿನ ಕೇಂದ್ರ ರೈಲು ನಿಲ್ದಾಣದ ಪಕ್ಕದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಸಾಲಾಗಿ ಇಟ್ಟರೆ ಒಂದು ಕಿಲೋಮೀಟರಿಗೂ ಮೀರುವಷ್ಟು ಡಚ್ ಕಂಪನಿಯ ಕಡತಗಳು. ರೈಲಿನಲ್ಲಿ ಅಲ್ಪ ದೂರದ ಲೈಡನ್ ವಿಶ್ವವಿದ್ಯಾಲಯದಲ್ಲಿ ಕರ್ನ್ ಸಂಸ್ಥೆಯ ಭಾರತವಿದ್ಯೆಯ ಸಂಗ್ರಹವಿದೆ. ಗ್ರೋಶಿಯಸ್ ಡಚ್ ಕಂಪನಿಗಾಗಿ ಬರೆದ, 1864ರಲ್ಲಿ ಹರಾಜಿಗೆ ಬಂದಾಗ ಮಾತ್ರ ಬೆಳಕಿಗೆ ಬಂದ ಹಸ್ತಪ್ರತಿಯೂ ಅಲ್ಲಿಯೇ ಇದೆ. ಪೂರ್ವಸಮುದ್ರದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ವ್ಯಾಪಾರ ಮಾಡಬಹುದೆಂದು ವಾದಿಸಿ 1609ರಲ್ಲಿ ಅಚ್ಚಾದ ಅವನ ಕಿರುಹೊತ್ತಿಗೆ ಅದರದೇ ಒಂದು ಅಧ್ಯಾಯ. ಒಂದು ಕಡತದಲ್ಲಿ ಸಿಕ್ಕ ಸಂದೇಹವನ್ನು ಮರುದಿನವೇ ಮತ್ತೊಂದು ಗ್ರಂಥಾಲಯದಲ್ಲಿ ಪರಿಹರಿಸಿಕೊಳ್ಳುವ ಅವಕಾಶ ಬೇರೆಡೆ ವಿರಳ. ಡಚ್ ಕಡತಗಳಲ್ಲಿ ಬಹುಭಾಗ ಈಗ ಚಿತ್ರರೂಪದಲ್ಲಿ ಅಂತರ್ಜಾಲಕ್ಕೆ ಬಂದಿದೆ, ಯಂತ್ರದಿಂದ ಲಿಪ್ಯಂತರಿಸುವ ಕೆಲಸವೂ ನಡೆದಿದೆ. ಆದರೆ ಆ ಹಳೆಯ ಡಚ್ ಕೈಬರಹವನ್ನು ಓದಲು ಕಲಿಸುವವರು ಆ ಊರುಗಳಲ್ಲಿದ್ದಾರೆ, ಜಾಲದಲ್ಲಿಲ್ಲ.

ಅರ್ಜಿಯ ಬರವಣಿಗೆಯಲ್ಲಿ ಇದೆಲ್ಲ ಹೇಗೆ ಕಾಣಿಸಿಕೊಳ್ಳಬೇಕು? ನಾನು ನೋಡಿರುವ ಕರಡುಗಳಲ್ಲಿ ಅನೇಕವು ‘ಅಂತರರಾಷ್ಟ್ರೀಯ ಕಾನೂನಿಗೆ ಭಾರತದ ಕೊಡುಗೆ’ ಎಂಬ ಧಾಟಿಯವು. ಕೌಟಿಲ್ಯನಿಂದ ಆರಂಭಿಸಿ ಪಂಚಶೀಲದಲ್ಲಿ ಮುಗಿಯುತ್ತವೆ. ಇಂಥ ಅರ್ಜಿಯನ್ನು ಓದಿದ ಸಮಿತಿಗೆ ಈ ವ್ಯಕ್ತಿ ಹೇಗ್‌ಗೆ ಬರದಿದ್ದರೂ ಇದನ್ನು ಬರೆಯಬಲ್ಲ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಇದರ ಬದಲು, ಹದಿನೇಳನೆಯ ಶತಮಾನದಲ್ಲಿ ಬಸರೂರಿನ ಡಚ್ ಕೋಠಿಗೆ ಸಂಬಂಧಿಸಿದ ಒಪ್ಪಂದಗಳಲ್ಲಿ ಅರಸನ ಅಧಿಕಾರವನ್ನು ಸೂಚಿಸುವ ಪದಗಳನ್ನು ಅದೇ ಕಾಲದ ಕೆಳದಿ ಶಾಸನಗಳ ಪದಗಳೊಡನೆ ಹೋಲಿಸುತ್ತೇನೆ, ಶಾಸನಗಳನ್ನು ಇಲ್ಲಿಯೇ ಓದಿ ಮುಗಿಸಿದ್ದೇನೆ, ಅಲ್ಲಿ ನೋಡಬೇಕಾದ ಕಡತಗಳ ಸಂಖ್ಯೆಗಳು ಇವು, ಕಾನೂನಿನ ಸಾಹಿತ್ಯದಲ್ಲಿ ಭಾರತದಲ್ಲಿ ದೊರೆಯದ ಶೀರ್ಷಿಕೆಗಳು ಇವು, ಇದಕ್ಕೆ ಎಂಟು ವಾರ ಸಾಕು ಎಂದು ಒಂದೂವರೆ ಪುಟದಲ್ಲಿ ಬರೆದರೆ, ಆ ಅರ್ಜಿ ತಾನೇ ಮಾತನಾಡುತ್ತದೆ. ಮಾರ್ಗದರ್ಶಕರ ಪತ್ರವೂ ವಿದ್ಯಾರ್ಥಿಯ ಶೀಲಸ್ವಭಾವಗಳ ಪ್ರಶಂಸೆಯಾಗಿರದೆ, ಪ್ರಬಂಧದ ಎಷ್ಟು ಅಧ್ಯಾಯ ಮುಗಿದಿದೆ, ಯಾವುದು ಆಕರವಿಲ್ಲದೆ ನಿಂತಿದೆ ಎಂಬುದನ್ನು ಹೇಳಬೇಕು. ಕನ್ನಡ ಬಲ್ಲೆ, ಹಳಗನ್ನಡ ನಡುಗನ್ನಡಗಳನ್ನು ಓದಬಲ್ಲೆ, ಮರಾಠಿಯನ್ನೋ ತೆಲುಗನ್ನೋ ತಮಿಳನ್ನೋ ಊರಿನ ಬಳಕೆಯಿಂದ ಕಲಿತಿದ್ದೇನೆ ಎಂಬುದನ್ನು ನಮ್ಮವರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಅದನ್ನು ಮೊದಲ ಪುಟದಲ್ಲಿಯೇ ಬರೆಯಬೇಕು.

ಕೆಲವು ಲೌಕಿಕ ಸಂಗತಿಗಳು. ಷೆಂಗೆನ್ ವೀಸಾದ ಅಲ್ಪಾವಧಿ ವಾಸ 180 ದಿನಗಳಲ್ಲಿ 90 ದಿನಗಳನ್ನು ಮೀರುವಂತಿಲ್ಲ. ಎರಡು ತಿಂಗಳ ವೇತನ ಅದರೊಳಗೆ ಹಿಡಿಸುತ್ತದೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯವಿಮೆ ಕಡ್ಡಾಯ. ಅಧ್ಯಾಪಕರಾಗಿರುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣ ಪತ್ರ ಮತ್ತು ಕರ್ತವ್ಯರಜೆಗೆ ಬಹಳ ಮೊದಲೇ ಬರೆದುಕೊಳ್ಳುವುದು ಒಳ್ಳೆಯದು; ನಮ್ಮ ಕಚೇರಿಗಳಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಳ್ಳುವ ಕಾಲವನ್ನು ವಿದೇಶದ ಸಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಂತಿಸೌಧದ ಹೆಬ್ಬಾಗಿಲಲ್ಲಿ ಗುರುತಿನ ಚೀಟಿಯ ತಪಾಸಣೆಯಿದೆ. ವಾಚಕರ ಚೀಟಿ, ತೆರೆದಿರುವ ವೇಳೆ, ಮುಂಗಡವಾಗಿ ತಿಳಿಸುವ ನಿಯಮ ಇವನ್ನು ಹೊರಡುವ ವಾರವೇ ಗ್ರಂಥಾಲಯಕ್ಕೆ ಬರೆದು ಖಚಿತಪಡಿಸಿಕೊಳ್ಳಬೇಕು. ಗ್ರಂಥಪಾಲಕರಿಗೆ ಮೊದಲ ದಿನವೇ ತಮ್ಮ ಪಟ್ಟಿಯನ್ನು ತೋರಿಸುವುದು ರೂಢಿಯಾಗಬೇಕು. ಪುಸ್ತಕದ ಹೆಸರು ಗೊತ್ತಿಲ್ಲದೆ ವಿಷಯ ಮಾತ್ರ ಗೊತ್ತಿರುವವರಿಗೆ ನೆರವಾಗುವುದು ಅವರ ವೃತ್ತಿ.

ಕೊನೆಯದಾಗಿ ಹೆಸರುಗಳ ತೊಡಕು. ಕೆಳದಿ ಎಂದು ಸೂಚಿಯಲ್ಲಿ ಹುಡುಕಿದರೆ ಅಲ್ಲಿ ಏನೂ ಸಿಗದೆ ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ಪೋರ್ಚುಗೀಸರ ಮತ್ತು ಡಚ್ಚರ ಕಾಗದಗಳಲ್ಲಿ ಆ ರಾಜ್ಯ ‘ಕೆನರಾ’ ಎಂದಿರುತ್ತದೆ. ಹೊನ್ನಾವರ ‘ಓನೋರ್’ ಆಗಿರುತ್ತದೆ. ಬಸರೂರು ‘ಬಾರ್ಸೆಲೋರ್’ ಎಂದೂ ಅದರ ನಾನಾ ಅಪಭ್ರಂಶಗಳಾಗಿಯೂ ಕಾಣಿಸುತ್ತದೆ. ಇವುಗಳ ಕಾಗುಣಿತ ಭೇದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೊರಡುವುದು ಲೇಸು.